ಸೊನ್ನೆ ಟ್ಯೂಬು ಬಸುರಾದ ದಿನ

ಯಜಮಾನ ಬಸುರಿಯಾಗಿದ್ದಾನೆ ಅನ್ನುವ ಸುದ್ದಿ ತಲುಪಿದಾಗ ಪುಟ್ಟಿ ಇನ್ನೂ ಹೆಗಲಿನ ಬ್ಯಾಗನ್ನೂ ಇಳಿಸಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಗೆರೆಯಣ್ಣ ನಿಂತಿದ್ದ, ಕೈಯಲ್ಲೊಂದು ಫೋಟೊ. ಅವನ ಮುಖ ನೋಡಿದರೆ ಮನೆಯಲ್ಲಿ ಯಾರೋ ಹೋಗಿಬಿಟ್ಟಿರಬೇಕು ಅನ್ನುವ ಹಾಗಿತ್ತು.

“ನಿನ್ನೆ ನೀನು ಬಸುರಿ ಅಂದೆಯಲ್ಲ, ಆ ಸ್ಯಾಂಪಲ್ಲುಗಳಲ್ಲಿ ಅರ್ಧ ಗಂಡಿಂದು ಕಣೇ.”

ಪುಟ್ಟಿ ಫೋಟೊ ಕಿತ್ತುಕೊಂಡು ನೋಡಿದಳು. ಗೆರೆಯಣ್ಣ ಪಕ್ಕದ ಡಿಎನ್‌ಎ ರೂಮಿನವನು. ಲದ್ದಿಯ ಉಂಡೆಯ ಹೊರಮೈಯನ್ನು ಮೆಲ್ಲಗೆ ಕೆರೆದರೆ ಅದಕ್ಕೆ ಪ್ರಾಣಿಯ ಕರುಳಿನ ಜೀವಕಣಗಳು ಅಂಟಿಕೊಂಡಿರುತ್ತವೆ, ಆ ಕಣಗಳನ್ನು ಒಡೆದು ಡಿಎನ್‌ಎ ತೆಗೆಯುವುದು ಅವನ ಕೆಲಸ. ಕೊನೆಗೆ ಒಂದು ಗೆರೆ ಮೂಡಿದರೆ ಹೆಣ್ಣು, ಎರಡು ಮೂಡಿದರೆ ಗಂಡು. ಹಗಲೆಲ್ಲ ಗೆರೆ ಎಣಿಸುತ್ತಾನೆಂದು ಅವನಿಗೆ ಆ ಹೆಸರು. ಫೋಟೊದಲ್ಲಿ ಎರಡೆರಡು ಗೆರೆಗಳು ಜೋಡಿ ಚಪ್ಪಲಿಯಂತೆ ಸಾಲಾಗಿ ಕೂತಿದ್ದವು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ನಿನ್ನೆ ಸಂಜೆ ಪುಟ್ಟಿ ಆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಿರಲಿಲ್ಲ. ಸೀದಾ ಮೃಗಾಲಯದ ಡಾಕ್ಟರಿಗೆ ಫೋನು ಮಾಡಿಬಿಟ್ಟಿದ್ದಳು.

ಯಜಮಾನ, ಯಜಮಾನ್ತಿ ಅಂದರೆ ಮೃಗಾಲಯದ ಎರಡು ಘೇಂಡಾಮೃಗಗಳು. ಹೆಸರಿಟ್ಟವರು ಅಲ್ಲಿನ ಕಾವಲುಗಾರರು. ಯಜಮಾನ್ತಿ ಕೆಲವು ದಿನಗಳಿಂದ ಮೇವು ಬಿಟ್ಟು ನೆರಳಲ್ಲಿ ಬಿದ್ದುಕೊಂಡಿದ್ದಳು. ಹೊಟ್ಟೆ ಉಬ್ಬಿತ್ತು. ಡಾಕ್ಟರಿಗೆ ಗರ್ಭಕೋಶದಲ್ಲಿ ಕೀವು ಕಟ್ಟಿದೆಯೆಂಬ ಅನುಮಾನ. ಅದಕ್ಕೆ ಮದ್ದೇನೋ ಇದೆ, ಆದರೆ ಆ ಮದ್ದು ಗರ್ಭಕೋಶವನ್ನು ಹಿಂಡಿ ಒಳಗಿದ್ದುದನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಕೀವಿದ್ದರೆ ಕೀವು, ಮರಿಯಿದ್ದರೆ ಮರಿ. ಮುಟ್ಟಿ ನೋಡೋಣವೆಂದರೆ ಹತ್ತಿರ ಬಂದವರನ್ನು ಗೋಡೆಗೆ ಒರೆಸಿಬಿಡುವ ಹೆಂಗಸು ಅವಳು. ಹಾಗಾಗಿ ಅವಳ ಲದ್ದಿಯೇ ಗತಿ. ಬಸುರಿಯಾಗಿದ್ದರೆ ಬಸುರಿನ ಹಾರ್ಮೋನು ಲದ್ದಿಯಲ್ಲಿ ಬಂದೇ ಬರುತ್ತದೆ.

ತೊಂದರೆ ಏನೆಂದರೆ ಘೇಂಡಾಮೃಗಗಳು ಎಲ್ಲೆಂದರಲ್ಲಿ ಲದ್ದಿ ಹಾಕುವುದಿಲ್ಲ. ಗಂಡು ಹೆಣ್ಣು ಎರಡೂ ಒಂದೇ ಗುಡ್ಡೆಗೆ ಬಂದು ಹಾಕಿ ಹೋಗುತ್ತವೆ, ಇಡೀ ಬೀದಿಯವರು ಒಂದೇ ತೊಟ್ಟಿಗೆ ಕಸ ಸುರಿದು ಹೋಗುವ ಹಾಗೆ. ಯಾವುದು ಯಾರದ್ದೆಂದು ಹೇಳುವುದು ಗೆರೆಯಣ್ಣನ ಪಾಲಿಗೆ, ಹಾರ್ಮೋನು ಎಷ್ಟಿದೆ ಅನ್ನುವುದು ಪುಟ್ಟಿ ಮತ್ತು ಅವಳ ಅತ್ತಿಗೆಯ ಪಾಲಿಗೆ. ಅತ್ತಿಗೆ ಅಂದರೆ ಸ್ವಂತ ಅಣ್ಣನ ಹೆಂಡತಿ. ಈ ಲ್ಯಾಬಿನಲ್ಲಿ ಅತ್ತಿಗೆಯೇ ಹಳಬಳು, ಪುಟ್ಟಿಯನ್ನು ಕೈ ಹಿಡಿದು ಕರೆತಂದವಳೂ ಅವಳೇ. ಮನೆಯಲ್ಲೂ ಅದೇ ಮುಖ, ಇಲ್ಲೂ ಅದೇ ಮುಖ, ಬೇಜಾರಾಗಲ್ವಾ ಅಂತ ಯಾರಾದರೂ ಕೇಳಿದರೆ ಅತ್ತಿಗೆ, ಮನೆಯಲ್ಲಿ ಇವಳ ಬಾಯಿ ಮಾತ್ರ ಕಾಣುತ್ತೆ, ಕೈ ಕಾಣೋದು ಇಲ್ಲಿ ಮಾತ್ರ ಅನ್ನುತ್ತಿದ್ದಳು.

ಮೊದಲಾದರೆ ಇಬ್ಬರೂ ಎಲ್ಲ ಕೆಲಸ ಹಂಚಿಕೊಂಡು ಮಾಡುತ್ತಿದ್ದರು. ಇತ್ತೀಚೆಗೆ ಅತ್ತಿಗೆ ಒಣಗಿದ ಲದ್ದಿಯನ್ನು ಪುಡಿ ಮಾಡುವುದು, ಜರಡಿ ಹಿಡಿಯುವುದು, ತೂಗಿ ಟ್ಯೂಬಿಗೆ ತುಂಬುವುದು ಇಷ್ಟನ್ನೇ ಇಟ್ಟುಕೊಂಡು, ಹಾರ್ಮೋನು ಬಿಡಿಸಲು ಸ್ಪಿರಿಟ್ ಹೊಯ್ದು ಕುಲುಕುವ ಕೆಲಸವನ್ನೆಲ್ಲ ಪುಟ್ಟಿಯ ತಲೆಗೆ ಕಟ್ಟಿದ್ದಳು. ಅತ್ತಿಗೆ ದೊಡ್ಡ ಆಫೀಸರಾಗಿಬಿಟ್ಟರು, ವಾಸನೆ ಕಂಡರೆ ಮೂಗು ಮುಚ್ಚಿಕೊಳ್ತಾರೆ ಅಂತ ಪುಟ್ಟಿ ಎಲ್ಲರೆದುರು ಆಡಿಕೊಂಡಿದ್ದೂ ಆಗಿತ್ತು. ಅತ್ತಿಗೆ ನಕ್ಕಿದ್ದಳು ಅಷ್ಟೆ.

ಈಗ ತೂಕದ ರೂಮಿನಿಂದ ಹೊರಬಂದ ಅತ್ತಿಗೆಗೆ ಫೋಟೊ ತೋರಿಸಿದಾಗಲೂ ಅವಳು ಮೊದಲು ನಕ್ಕಳು. “ಸದ್ಯ, ಒಬ್ಬನಾದರೂ ಗಂಡಸು ಆ ಕಷ್ಟ ಏನಂತ ನೋಡಲಿ ಬಿಡು,” ಅಂದಳು. ಆಮೇಲೆ, ಅಷ್ಟೇ ಸಲೀಸಾಗಿ, “ಸೊನ್ನೆ ಎಷ್ಟು ಬಂದಿತ್ತು?” ಅಂತ ಕೇಳಿದಳು.

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಸೊನ್ನೆಯನ್ನು ಅವಳು ನೋಡಿಯೇ ಇರಲಿಲ್ಲ.

ಸೊನ್ನೆ ಎಂದರೆ ಖಾಲಿ ಟ್ಯೂಬು. ಲದ್ದಿ ತುಂಬಿದ ಟ್ಯೂಬುಗಳ ಜೊತೆ ಲದ್ದಿ ಹಾಕದ ಒಂದನ್ನೂ ಇಟ್ಟು, ಉಳಿದವಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡುವುದು ಈ ಲ್ಯಾಬಿನ ಪದ್ಧತಿ. ಅದೇ ತೂಕದ ರೂಮಿಗೆ ಹೋಗಿಬರಬೇಕು, ಅದೇ ಸ್ಪಿರಿಟ್ ಕುಡಿಯಬೇಕು, ಅದೇ ಗಿರಗಿರ ತಿರುಗುವ ಯಂತ್ರದಲ್ಲಿ ಕೂರಬೇಕು. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿದರೆ ಉಳಿದದ್ದನ್ನೂ ನಂಬುವ ಹಾಗಿಲ್ಲ. ಲ್ಯಾಬಿನ ಮುಖ್ಯಸ್ಥರು ಯಾರು ಯಾವ ಫಲಿತಾಂಶ ತಂದರೂ ಕನ್ನಡಕದ ಮೇಲಿಂದ ನೋಡಿ ಕೇಳುವುದು ಒಂದೇ ಮಾತು, ಸೊನ್ನೆ ಎಲ್ಲಿ? ಅವರ ಹಿಂದಿನಿಂದ ಎಲ್ಲರೂ ಅವರನ್ನು ಕರೆಯುವುದು ಸೊನ್ನೆ ಮೇಷ್ಟ್ರು ಅಂತಲೇ. ಸೊನ್ನೆ ನೋಡದೆ ಫೋನು ಮುಟ್ಟಬಾರದು ಅನ್ನುವುದು ಅವರು ಪುಟ್ಟಿಗೆ ಕಲಿಸಿದ ಮೊದಲ ಪಾಠ.

ನಿನ್ನೆಯ ಪ್ಲೇಟು ಮುಚ್ಚಳ ಹಾಕಿಕೊಂಡು ಮೇಜಿನ ಮೇಲೆಯೇ ಇತ್ತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಪುಟಾಣಿ ಗುಂಡಿಗಳು. ಒಂದೊಂದು ಗುಂಡಿಯಲ್ಲಿ ಒಂದೊಂದು ಸ್ಯಾಂಪಲ್ಲಿನ ಹನಿ. ಇಲ್ಲಿ ಲೆಕ್ಕ ತಿರುಗುಮುರುಗು: ಹಾರ್ಮೋನು ಕಡಿಮೆಯಿದ್ದಷ್ಟೂ ಹಳದಿ ಗಾಢ, ಜಾಸ್ತಿಯಿದ್ದರೆ ನೀರಿನಂತೆ ತಿಳಿ. ನಿನ್ನೆ ಸಾಲಿಗೆ ಸಾಲೇ ತಿಳಿಯಾಗಿದ್ದುದನ್ನು ಕಂಡು ಪುಟ್ಟಿ ಕುಣಿದಿದ್ದಳು, ಫೋನು ಎತ್ತಿಕೊಂಡಿದ್ದಳು, ಮರಿ ಬರುತ್ತೆ ಡಾಕ್ಟರೇ, ಮದ್ದು ಗಿದ್ದು ಹಾಕಬೇಡಿ ಅಂದಿದ್ದಳು. ಸೊನ್ನೆಯಿದ್ದ ಮೂಲೆಯ ಗುಂಡಿಯತ್ತ ಕಣ್ಣು ಹಾಯಿಸಿರಲಿಲ್ಲ.

ಈಗ ಹಾಯಿಸಿದಳು. ಸೊನ್ನೆಯೂ ತಿಳಿಯಾಗಿತ್ತು. ಏನೂ ಇಲ್ಲದ ಟ್ಯೂಬು, ಗಾಳಿ ಬಿಟ್ಟರೆ ಬೇರೇನೂ ಕಾಣದ ಟ್ಯೂಬು, ತುಂಬು ಬಸುರಿಯ ಹಾಗೆ ಹಾರ್ಮೋನು ತುಂಬಿಕೊಂಡು ಕೂತಿತ್ತು.

ಪುಟ್ಟಿ ಪ್ಲೇಟನ್ನು ಕಣ್ಣ ಹತ್ತಿರ ತಂದು ಮತ್ತೊಮ್ಮೆ ನೋಡಿದಳು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಅತ್ತಿಗೆಯ ನಗು ಎಲ್ಲಿ ಹೋಯಿತೋ, ಮುಖ ಸುಣ್ಣದ ಗೋಡೆಯಾಯಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು, ಮತ್ತೆ ತಟ್ಟನೆ ಕೈ ಬಿಟ್ಟಳು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ನನ್ನ ತಪ್ಪಿಗೆ ಅತ್ತಿಗೆ ಇಷ್ಟು ಹೆದರಿದರಲ್ಲ ಅಂತ ಪುಟ್ಟಿಗೆ ಇನ್ನಷ್ಟು ಸಂಕಟವಾಯಿತು.

ಡಾಕ್ಟರಿಗೆ ತಾನೇ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ.

“ನಿನ್ನೆಯಿಂದ ಮದ್ದು ಹಾಕದೆ ಕೂತಿದ್ದೀನಮ್ಮ. ಬೆಳಿಗ್ಗೆ ನೀರೂ ಮುಟ್ಟಿಲ್ಲ ಅವಳು. ಸಂಜೆಯೊಳಗೆ ಹೌದು ಅನ್ನಿ, ಇಲ್ಲ ಅನ್ನಿ. ಇರಬಹುದು ಅಂತ ಮಾತ್ರ ಅನ್ನಬೇಡಿ.”

ಸೊನ್ನೆ ಮೇಷ್ಟ್ರು ಕೂಗಾಡುವ ಪೈಕಿಯಲ್ಲ. ಅವರು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ಕುರ್ಚಿ ಹುಡುಕಿಕೊಂಡು ಕೂತರು. ಇಷ್ಟು ವರ್ಷಗಳಲ್ಲಿ ಸೊನ್ನೆ ಮಾತಾಡಿದ್ದು ಇದೇ ಮೊದಲು ಅಂದರು. ಪುಟ್ಟಿಯನ್ನು ಬೈಯಲೂ ಇಲ್ಲ. ಎಲ್ಲಿಂದ ಬಂತು ಹುಡುಕು, ಹುಡುಕಿದ ಮೇಲೆ ಬೈತೀನಿ ಅಂದರು.

ಪುಟ್ಟಿ ಹುಡುಕತೊಡಗಿದಳು. ಮೊದಲ ಅನುಮಾನ ಸ್ಪಿರಿಟ್ ಬಾಟಲಿಯ ಮೇಲೆ. ಅದರಿಂದ ಒಂದು ಹನಿ ಗುಂಡಿಗೆ ಹಾಕಿದಳು, ಹಳದಿ ಬಂತು. ಪೊಟ್ಟಣದಿಂದ ಆಗಷ್ಟೇ ತೆಗೆದ ಟ್ಯೂಬನ್ನು ಸ್ಪಿರಿಟ್ಟಿನಲ್ಲಿ ತೊಳೆದು ಅದರ ಹನಿ ಹಾಕಿದಳು, ಅದಕ್ಕೂ ಹಳದಿ. ತೂಕದ ರೂಮಿಗೆ ಹೋಗಿಬಂದ ಟ್ಯೂಬು ಮಾತ್ರ ತಿಳಿ. ಅಲ್ಲಿಗೆ ಜಾಗ ಗೊತ್ತಾಯಿತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ರೂಮಿನ ತಕ್ಕಡಿ, ಚಮಚ, ಜರಡಿ, ಬಾಗಿಲ ಹಿಡಿ, ಸ್ಟೂಲು, ಗೋಡೆಗೆ ತಗುಲಿ ಹಾಕಿದ ಗ್ಲೌಸಿನ ಡಬ್ಬಿ ಎಲ್ಲವನ್ನೂ ಒರೆಸಿ ಒರೆಸಿ ತಂದಳು. ಅತ್ತಿಗೆ ಹೊರಗೆ ಕಿಟಕಿಯ ಪಕ್ಕ ಕೈಕಟ್ಟಿ ನಿಂತು ನೋಡುತ್ತಿದ್ದಳು. ಸಹಾಯಕ್ಕೆ ಬನ್ನಿ ಅಂದರೂ ಬರಲಿಲ್ಲ.

ಚಮಚ ಹಳದಿ. ಜರಡಿ ಹಳದಿ. ತಕ್ಕಡಿ ಸ್ವಲ್ಪ ಮಂಕು. ಗ್ಲೌಸಿನ ಡಬ್ಬಿಯ ಬಾಯಿ ಒರೆಸಿದ ಹತ್ತಿ ಹಾಕಿದ ಗುಂಡಿ ಮಾತ್ರ ಮಳೆನೀರಿನಷ್ಟು ತಿಳಿ.

ಗ್ಲೌಸು. ಸ್ಯಾಂಪಲ್ಲಿಗೆ ನಮ್ಮ ಕೈ ಸೋಕದಿರಲಿ ಅಂತ ಹಾಕಿಕೊಳ್ಳುವ ಗ್ಲೌಸು. ಅದನ್ನು ಡಬ್ಬಿಯಿಂದ ಎಳೆಯುವುದು ಮಾತ್ರ ಬರಿಗೈಯಿಂದ. ಎಳೆದ ಬೆರಳು ಗ್ಲೌಸಿನ ಹೊರಮೈಯನ್ನೇ ಹಿಡಿಯುತ್ತದೆ, ಕೆಳಗಿನ ಗ್ಲೌಸನ್ನೂ ಸವರುತ್ತದೆ. ಬೆರಳಲ್ಲಿ ಏನಿದ್ದರೂ ಅದು ಗ್ಲೌಸಿಗೆ, ಗ್ಲೌಸಿನಿಂದ ಟ್ಯೂಬಿಗೆ. ಘೇಂಡಾಮೃಗದಿಂದಲ್ಲ, ಯಾರದೋ ಬೆರಳಿನಿಂದ ಬಂದಿದೆ ಇದು.

ಓಡಿಹೋಗಿ ಮೇಷ್ಟ್ರಿಗೆ ಹೇಳಿದಳು. ಅವರು ಎಲ್ಲರನ್ನೂ ಸೇರಿಸಿದರು. ಎಲ್ಲರೂ ಅಂದರೆ ಗೆರೆಯಣ್ಣ, ಅತ್ತಿಗೆ, ಪುಟ್ಟಿ, ಟ್ಯೂಬು ತೊಳೆಯುವ ಆಯಮ್ಮ. ಒಬ್ಬೊಬ್ಬರೂ ಬೆರಳ ತುದಿಯನ್ನು ಒಂದೊಂದು ಬಟ್ಟಲ ಸ್ಪಿರಿಟ್ಟಿನಲ್ಲಿ ಅದ್ದಬೇಕು, ಬಟ್ಟಲ ಮೇಲೆ ಹೆಸರು, ಎಲ್ಲ ಪ್ಲೇಟಿಗೆ ಹಾಕಿ ನೋಡೋಣ ಅಂದರು. ಕೆಲವು ಮುಲಾಮುಗಳಲ್ಲಿ ಈ ಹಾರ್ಮೋನೇ ಇರುತ್ತೆ, ಯಾರಾದರೂ ಹಚ್ಚಿಕೊಳ್ತಿದ್ದೀರಾ ಅಂತಲೂ ಕೇಳಿದರು. ಆಯಮ್ಮ ತನ್ನ ಹಿಮ್ಮಡಿಯ ಮುಲಾಮಿನ ಡಬ್ಬಿ ತಂದಿಟ್ಟಳು. ಗೆರೆಯಣ್ಣ ನಾಚಿಕೊಂಡು ಬೋಳುತಲೆಯ ಎಣ್ಣೆಯ ಬಗ್ಗೆ ಬಾಯಿಬಿಟ್ಟ. ಅತ್ತಿಗೆ ಕೈ ತೊಳೆದು ಬರ್ತೀನಿ ಅಂತ ಎದ್ದುಹೋದಳು.

ಸ್ಪಿರಿಟ್ಟಿಗೆ ಅದ್ದುವ ಮೊದಲು ಕೈ ತೊಳೆಯಬೇಡಿ ಅಂತ ಹೇಳಲು ಪುಟ್ಟಿ ಹಿಂದೆಯೇ ಓಡಿದಳು. ಅತ್ತಿಗೆ ನಲ್ಲಿ ಬಿಟ್ಟುಕೊಂಡು ಬೆರಳುಗಳನ್ನು ಸೋಪಿನಲ್ಲಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಗೆಣ್ಣುಗಳು ಕೆಂಪಾಗಿದ್ದವು.

“ನೀರಿಗೆ ಅದು ಹೋಗಲ್ಲ, ಅಲ್ವಾ ಪುಟ್ಟಿ?” ಅಂದಳು ತಿರುಗದೆ. “ನಾನೇ ನಿನಗೆ ಕಲಿಸಿದ್ದು. ಎಣ್ಣೆ ಜಾತಿ ಅದು, ಸ್ಪಿರಿಟ್ಟೇ ಬೇಕು ಅಂತ.”

ಪುಟ್ಟಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ತಿಳಿದುಬಿಟ್ಟಿತು. ಸ್ಪಿರಿಟ್ಟಿನಿಂದ ದೂರ ಸರಿದದ್ದು, ಮೂಗು ಮುಚ್ಚಿಕೊಂಡದ್ದು, ಮಧ್ಯಾಹ್ನ ಊಟವಾದ ಕೂಡಲೆ ಪರ್ಸು ಹಿಡಿದು ಬಾತ್‌ರೂಮಿಗೆ ಹೋಗುತ್ತಿದ್ದುದು.

“ಅತ್ತಿಗೆ, ನೀವು...”

“ಮೆಲ್ಲಗೆ ಮಾತಾಡು. ಈ ಸಲ ಯಾರಿಗೂ ಹೇಳಿಲ್ಲ. ನಿಮ್ಮಣ್ಣನಿಗೂ ಹೇಳಿಲ್ಲ.”

ಪುಟ್ಟಿ ಕಣ್ಣು ಕಣ್ಣು ಬಿಟ್ಟಳು. ಅಣ್ಣನಿಗೂ ಹೇಳಿಲ್ಲವೆಂದರೆ.

ಅತ್ತಿಗೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಎಲ್ಲೂ ಒರೆಸದೆ ಹಾಗೇ ಮುಂದೆ ಹಿಡಿದುಕೊಂಡು ಹೇಳಿದಳು. ಹಿಂದೆ ಎರಡು ಸಲ ಬಸುರು ನಿಂತಾಗಲೂ ಮನೆಗೆಲ್ಲ ಗೊತ್ತಾಗಿ, ಪುಟ್ಟಿಯ ಅಮ್ಮ ಮಗುವಿಗೆಂದು ಹಳೆಯ ಬಟ್ಟೆ ಹರಿದು ಮಡಿಸಿಟ್ಟು, ಪಕ್ಕದ ಮನೆಯವರೂ ಹೆಸರು ಹುಡುಕಿ, ಆಮೇಲೆ ಹೋಗಿಬಿಟ್ಟಿತ್ತು. ಮಗು ಹೋದದ್ದಕ್ಕಿಂತ ಅದನ್ನು ಒಬ್ಬೊಬ್ಬರಿಗೂ ಹೇಳುವುದೇ ಜೀವ ಹಿಂಡಿತ್ತು. ಎರಡನೆಯ ಸಲ ಅಣ್ಣ ಅತ್ತ ಅಳು ಅವಳ ಕಿವಿಯಲ್ಲಿ ಇನ್ನೂ ಇತ್ತು. ಈ ಸಲ ಗಟ್ಟಿಯಾಗುವ ತನಕ ತನ್ನೊಬ್ಬಳ ಹೊಟ್ಟೆಯಲ್ಲೇ ಇರಲಿ ಅಂದುಕೊಂಡಿದ್ದಳು. ಆಸ್ಪತ್ರೆಯ ಡಾಕ್ಟರು ಒಂದು ಮುಲಾಮು ಕೊಟ್ಟಿದ್ದರು, ಗರ್ಭ ನಿಲ್ಲಲಿ ಅಂತ, ಅದರಲ್ಲಿದ್ದುದೂ ಅದೇ ಹಾರ್ಮೋನು. ಮಧ್ಯಾಹ್ನದ ಪಾಲನ್ನು ಇಲ್ಲೇ ಹಚ್ಚಿಕೊಂಡು, ಸೋಪಿನಿಂದ ಕೈ ತೊಳೆದು, ಬಂದು ಗ್ಲೌಸು ಎಳೆಯುತ್ತಿದ್ದಳು.

“ಆ ಬಟ್ಟಲ ಮೇಲೆ ನನ್ನ ಹೆಸರು ಬರೀತಾರೆ ಕಣೇ. ಸಂಜೆ ಹೊತ್ತಿಗೆ ಗೆರೆಯಣ್ಣನ ಹೆಂಡತಿಗೆ ಗೊತ್ತಾಗುತ್ತೆ, ಅವಳಿಂದ ಅಮ್ಮನಿಗೆ. ಅದ್ದಲ್ಲ ಅಂದ್ರೆ ಅಲ್ಲಿ ಯಜಮಾನ್ತಿ ಸಾಯ್ತಾಳೆ. ಏನು ಮಾಡಲಿ ಹೇಳು.”

ಪುಟ್ಟಿಗೆ ಅಳು ಬಂತು, ನಗು ಬಂತು, ಅತ್ತಿಗೆಯನ್ನು ಬಾಚಿ ತಬ್ಬಿಕೊಳ್ಳೋಣವೆನಿಸಿತು, ಆ ಕೈ ನೋಡಿ ಹಿಂದೆ ಸರಿದಳು. ಆಗ ಅವಳ ತಲೆಯಲ್ಲಿ ಗ್ಲೌಸಿನ ಡಬ್ಬಿ ಮತ್ತೆ ಕಾಣಿಸಿತು. ಅದು ಅತ್ತಿಗೆಯೊಬ್ಬಳದ್ದಲ್ಲ. ತಕ್ಕಡಿ ನೋಡಲು ಮೇಷ್ಟ್ರು ಅಲ್ಲಿಂದಲೇ ಎಳೆಯುತ್ತಾರೆ. ಗೆರೆಯಣ್ಣ ತನ್ನ ರೂಮಿನದು ಖಾಲಿಯಾದರೆ ಅಲ್ಲಿಗೇ ಬರುತ್ತಾನೆ. ಪಾತ್ರೆ ತೊಳೆಯುವಾಗ ಆಯಮ್ಮನೂ ಅಷ್ಟೆ.

“ಬನ್ನಿ ಅತ್ತಿಗೆ. ನಿಮ್ಮ ಪಾಡಿಗೆ ನೀವು ಬೆರಳು ಅದ್ದಿ,” ಅಂದಳು.

ಒಳಗೆ ಬಂದವಳೇ ಮೇಷ್ಟ್ರ ಮುಂದೆ ಒಂದು ಬಟ್ಟಲು ಸರಿಸಿದಳು. ಎಲ್ಲರೂ ಅಂದ ಮೇಲೆ ನೀವೂ ಬರಬೇಕು ಸಾರ್, ಡಬ್ಬಿಯಲ್ಲಿ ನಿಮ್ಮ ಕೈಯೂ ಇದೆ ಅಂದಳು. ಗೆರೆಯಣ್ಣ ಕೆಮ್ಮಿದ. ಮೇಷ್ಟ್ರು ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಅಂಗಿಯ ತೋಳು ಮಡಿಸಿ, ಬೆರಳು ಅದ್ದಿದರು.

ಬಣ್ಣ ಬರಲು ಸಮಯ ಬೇಕು. ಎಲ್ಲರೂ ಪ್ಲೇಟಿನ ಸುತ್ತ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನಿಂತಿದ್ದರು. ಅತ್ತಿಗೆ ಮಾತ್ರ ನೆಲ ನೋಡುತ್ತಿದ್ದಳು. ಡಬ್ಬಿಗೆ ಕೈ ಹಾಕಿದ ಎಲ್ಲರ ಬೆರಳಲ್ಲೂ ಅದು ಅಂಟಿರಲೇಬೇಕು ಅನ್ನುವುದು ಪುಟ್ಟಿಯ ಲೆಕ್ಕ. ಲೆಕ್ಕ ತಪ್ಪಿ ಒಂದೇ ಗುಂಡಿ ತಿಳಿಯಾಗಿ ಉಳಿದರೆ? ಉಳಿದದ್ದೆಲ್ಲ ಹಳದಿಯಾದರೆ?

ಶುದ್ಧ ಸ್ಪಿರಿಟ್ಟಿನ ಗುಂಡಿ ಮೊದಲು ಹಳದಿಯಾಯಿತು. ಆಯಮ್ಮನದು ಆಗಲಿಲ್ಲ. ಗೆರೆಯಣ್ಣನದು ಆಗಲಿಲ್ಲ. ಪುಟ್ಟಿಯದೂ ಆಗಲಿಲ್ಲ. ಎಲ್ಲವೂ ಮಂಕಾಗಿ, ತೆಳ್ಳಗೆ, ನಿಂಬೆಹಣ್ಣು ತೋರಿಸಿದ ನೀರಿನ ಹಾಗೆ ಕೂತವು. ಗೆರೆಯಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. ಆಯಮ್ಮ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಈ ವಯಸ್ಸಲ್ಲಿ ಊರೇನು ಅನ್ನುತ್ತೆ ಅಂದಳು.

ಮೇಷ್ಟ್ರು ತಮ್ಮ ಗುಂಡಿಯನ್ನು ಹುಡುಕಿ ಕಂಡುಹಿಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

“ಹಾಗಾದ್ರೆ ನಾನೂ ಬಸುರಿ,” ಅಂದರು.

ಮೊದಲು ನಕ್ಕವಳು ಆಯಮ್ಮ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಗೆರೆಯಣ್ಣ ಮೇಜು ಬಡಿದು ಬಡಿದು ನಕ್ಕ. ಆ ನಗುವಿನ ನಡುವೆ ಪುಟ್ಟಿ ಪ್ಲೇಟಿನತ್ತ ಓರೆಗಣ್ಣು ಹಾಯಿಸಿದಳು. ಉಳಿದ ಗುಂಡಿಗಳಲ್ಲಿ ಒಂದು ಚೂರಾದರೂ ಬಣ್ಣವಿತ್ತು. ಒಂದರಲ್ಲಿ ಅದೂ ಇರಲಿಲ್ಲ. ತಲೆ ಎತ್ತಿದರೆ ಮೇಷ್ಟ್ರೂ ಅದನ್ನೇ ನೋಡುತ್ತಿದ್ದರು. ನಗುತ್ತಿರಲಿಲ್ಲ.

ಅಂಕಿ ಓದುವ ಯಂತ್ರ ಪಕ್ಕದಲ್ಲೇ ಇತ್ತು. ಅದರೊಳಗೆ ಇಟ್ಟರೆ ಯಾರ ಬೆರಳಲ್ಲಿ ಎಷ್ಟು ಅಂತ ಚಾಚೂ ತಪ್ಪದೆ ಅಚ್ಚಾಗಿ ಬರುತ್ತದೆ. ಅಂಕಿ ಓದಿಸದೆ ಒಂದು ಪ್ಲೇಟನ್ನೂ ಬಿಸಾಡದ ಮನುಷ್ಯ ಅವರು. ಆ ಮನುಷ್ಯ ಪ್ಲೇಟನ್ನು ಎತ್ತಿ, ಎರಡು ಹೆಜ್ಜೆ ನಡೆದು, ಕಸದ ಡಬ್ಬಕ್ಕೆ ಮಗುಚಿಹಾಕಿದ್ದನ್ನು ಪುಟ್ಟಿ ಕಣ್ಣಾರೆ ಕಂಡಳು. ಕಂಡರೂ ನಂಬಲಾಗಲಿಲ್ಲ.

“ಡಬ್ಬಿ ಕೆಟ್ಟಿದೆ ಅಂತ ಗೊತ್ತಾಯ್ತಲ್ಲ. ಅಂಕಿ ಯಾಕೆ?” ಅಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಬಹಳ ಸಾಮಾನ್ಯವಾದ ಮಾತೆಂಬಂತೆ, “ಇವತ್ತಿಂದ ನೀವು ಕಿಟಕಿ ಹತ್ತಿರ ಕೂತು ವರದಿ ಬರೆಯೋ ಕೆಲಸ ನೋಡ್ಕೊಳ್ಳಿ ಅಮ್ಮ. ಸ್ಪಿರಿಟ್ ರೂಮಿನ ಕಡೆ ಬರೋದೇ ಬೇಡ,” ಅಂದರು. ಅತ್ತಿಗೆ ತಲೆಯೆತ್ತಿ ಅವರನ್ನು ನೋಡಿದಳು. ಕಣ್ಣಲ್ಲಿ ನೀರಿತ್ತೋ ಗಾಬರಿಯಿತ್ತೋ, ಎರಡೂ ಇತ್ತೋ. ಹೂಂ ಅಂದಳು.

ಆಮೇಲೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ತೂಕದ ರೂಮನ್ನು ಸ್ಪಿರಿಟ್ಟಿನಿಂದ ಗೋಡೆಯವರೆಗೆ ಒರೆಸಿದರು. ಕೈಗಳನ್ನೂ ಸ್ಪಿರಿಟ್ಟಿನಲ್ಲಿ ತೊಳೆದುಕೊಂಡು ಹೊಸ ಗ್ಲೌಸಿನ ಡಬ್ಬಿ ಒಡೆದರು. ಯಜಮಾನ್ತಿಯದೆಂದು ಗೆರೆಯಣ್ಣ ಖಚಿತವಾಗಿ ಹೇಳಿದ ಉಂಡೆಗಳಿಂದ ಹೊಸದಾಗಿ ಪುಡಿ, ಯಜಮಾನನದೂ ಸ್ವಲ್ಪ, ಮತ್ತೆ ಒಂದು ಖಾಲಿ ಟ್ಯೂಬು. ಪುಟ್ಟಿ ಒಬ್ಬಳೇ ತೂಗಿದಳು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಅತ್ತಿಗೆ ಅಲ್ಲಿಂದಲೇ ಹೇಳಿಕೊಡುತ್ತಿದ್ದಳು: ತಕ್ಕಡಿ ನಿಲ್ಲಲಿ, ಅವಸರ ಬೇಡ, ಮುಚ್ಚಳದ ಒಳಬದಿ ಮುಟ್ಟಬೇಡ. ಸ್ಪಿರಿಟ್ ಹೊಯ್ಯುವಾಗ ಮಾತ್ರ ಪುಟ್ಟಿ ಹೋಗಿ ಬಾಗಿಲು ಮುಚ್ಚಿಕೊಂಡಳು.

ಸಂಜೆಯ ಬಿಸಿಲು ಮೇಜಿಗೆ ಬಿದ್ದ ಹೊತ್ತಿಗೆ ಪ್ಲೇಟಿನಲ್ಲಿ ಬಣ್ಣ ಏರತೊಡಗಿತು. ಫೋನು ಆಗಲೇ ಬಡಿದುಕೊಳ್ಳುತ್ತಿತ್ತು, ಡಾಕ್ಟರದು. ಪುಟ್ಟಿ ಎತ್ತಲಿಲ್ಲ. ಮೂಲೆಯ ಗುಂಡಿಯನ್ನೇ ನೋಡುತ್ತ ನಿಂತಳು. ಅದು ನಿಧಾನಕ್ಕೆ, ಬೇಕೆಂದೇ ಸತಾಯಿಸುವ ಹಾಗೆ, ಹಳದಿಗೆ ತಿರುಗಿತು. ಗಾಢವಾಯಿತು. ಸೊನ್ನೆ ಮತ್ತೆ ಸೊನ್ನೆಯಾಗಿತ್ತು. ಯಜಮಾನನೂ ಗಂಡಸಾಗಿದ್ದ. ಆಮೇಲಷ್ಟೇ ಅವಳು ಯಜಮಾನ್ತಿಯ ಸಾಲನ್ನು ನೋಡಿದಳು. ಹಳದಿ. ಒಂದೊಂದೂ ಹಳದಿ. ಮರಿ ಇರಲಿಲ್ಲ.

ಮರಿ ಬರುತ್ತೆ ಅಂತ ನಿನ್ನೆ ಕುಣಿದವಳು ಆ ಸಾಲನ್ನು ಇನ್ನೊಮ್ಮೆ ಕೊನೆಯವರೆಗೆ ನೋಡಿದಳು. ಫೋನು ಎತ್ತಿ, ಇಲ್ಲ ಡಾಕ್ಟರೇ, ಮದ್ದು ಹಾಕಿ ಅಂದಳು. ಗಟ್ಟಿಯಾಗಿ ಹೇಳ್ತಿದ್ದೀರಾ ಅಂತ ಅವರು ಕೇಳಿದರು. ಸೊನ್ನೆ ನೋಡಿದೀನಿ ಅಂದಳು.

ಪುಟ್ಟಿ, ಅತ್ತಿಗೆ ಮನೆಗೆ ಹೊರಡುವ ಮುಂಚೆಯೇ ಮತ್ತೆ ಡಾಕ್ಟರ ಫೋನು ಬಂತು. ಮದ್ದು ಕೆಲಸ ಮಾಡಿ ಬಕೆಟ್ಟುಗಟ್ಟಲೆ ಕೀವು ಹೊರಬಂದಿತ್ತು. ಯಜಮಾನ್ತಿ ಎದ್ದು ನಿಂತು, ನೀರು ಕುಡಿದು, ಡಾಕ್ಟರನ್ನೇ ಅಟ್ಟಿಸಿಕೊಂಡು ಬಂದಿದ್ದಳಂತೆ. ಇಷ್ಟು ಖುಷಿಯಿಂದ ನಾನು ಯಾವತ್ತೂ ಓಡಿಲ್ಲ ಅಂದರು.

ಬಸ್ಸಿನಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಅಕ್ಕಪಕ್ಕ ಕೂತರು. ಪುಟ್ಟಿಗೆ ಕೇಳಲು ನೂರು ಮಾತಿತ್ತು. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು. ಅತ್ತಿಗೆ ಕಿಟಕಿಯಾಚೆ ನೋಡುತ್ತ, ಬೆರಳುಗಳನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡಿದ್ದಳು.

“ಒಬ್ಬಳೇ ಇಟ್ಕೋತೀನಿ ಅಂದ್ಕೊಂಡೆ,” ಅಂದಳು ಕೊನೆಗೆ. “ನೋಡಿದ್ರೆ ಊರಿಗೆಲ್ಲ ಹಚ್ಚಿದ್ದೀನಿ.”

ಬಾಗಿಲು ತೆಗೆದವನು ಅಣ್ಣ. ದಿನಾ ಚಪ್ಪಲಿ ಬಿಡುವ ಮೊದಲೇ ಲ್ಯಾಬಿನ ಕಥೆ ಶುರುಮಾಡುವ ತಂಗಿ ತುಟಿ ಪಿಟಕ್ಕೆನ್ನದೆ ಒಳಗೆ ಬಂದು ನೀರು ಕುಡಿಯುವುದನ್ನು ಕಂಡು ಅವನಿಗೆ ದಿಗಿಲಾಯಿತು. ಏನಾಯ್ತು ಇವಳಿಗೆ, ಯಾರಾದರೂ ಬೈದರಾ ಅಂತ ಹೆಂಡತಿಯನ್ನು ಕೇಳಿದ. ಅಮ್ಮ ಅಡುಗೆಮನೆಯಿಂದಲೇ, ಹಣೆ ಮುಟ್ಟಿ ನೋಡೋ, ಜ್ವರ ಇರಬೇಕು ಅಂದಳು.

ಅತ್ತಿಗೆ ಚಪ್ಪಲಿ ಬಿಟ್ಟು, ಬ್ಯಾಗು ಇಳಿಸಿದಳು. ಪುಟ್ಟಿ ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದಳು.

“ರೀ, ಒಂದು ನಿಮಿಷ ಒಳಗೆ ಬನ್ನಿ,” ಅಂದಳು ಅತ್ತಿಗೆ.

ರೂಮಿನ ಬಾಗಿಲು ಮುಚ್ಚಿತು. ಪಿಸುಮಾತು ಕೇಳಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ಅಣ್ಣ ಮಂಚದ ಮೇಲೆ ದೊಪ್ಪನೆ ಕೂತ ಸದ್ದು. ಅಮ್ಮ ಸೌಟು ಹಿಡಿದುಕೊಂಡೇ ಹೊರಬಂದು, ಏನು ಬಿತ್ತೇ ಅಂತ ಕೇಳಿದಳು.

ಪುಟ್ಟಿ ಬಾಯಿ ತುಂಬ ನೀರು ತುಂಬಿಕೊಂಡು, ಗೊತ್ತಿಲ್ಲ ಅಂತ ತಲೆಯಾಡಿಸಿದಳು.